ಬಿಟ್ಟುಕೊಟ್ಟ ಬಸ್ಸು

ಜೀಪು ಗುಂಡಿಗೆ ಇಳಿದೆದ್ದಾಗ ಮಡಿಲಲ್ಲಿದ್ದ ಹಲಗೆ ಜಿಗಿದು ಅವನ ಗದ್ದಕ್ಕೆ ಬಡಿಯಿತು. ಮುಂದಿನ ಸೀಟಿನಲ್ಲಿದ್ದ ಮೇಡಂ ಹಿಂತಿರುಗಿ, “ಜೋಪಾನ ರೀ, ಅದು ಮುರಿದ್ರೆ ಇವತ್ತಿನ ಕೆಲಸಾನೇ ಹೋಯ್ತು,” ಎಂದರು. ಗದ್ದದ ಬಗ್ಗೆ ಕೇಳಲಿಲ್ಲ. ಕೇಳಬೇಕಿತ್ತೆಂದು ಅವನಿಗೂ ಅನ್ನಿಸಲಿಲ್ಲ. ಮುರಿದರೆ ಎಂಬ ಮಾತೊಂದೇ ಕಿವಿಯಲ್ಲಿ ಕೂತಿತು. ಮುರಿಯಬಹುದಲ್ಲ. ಬಾಗಿಲ ಕಡೆ ವಾಲಿ, ಕೈ ಸಡಿಲಿಸಿ, ಅಯ್ಯೋ ಜಾರಿಹೋಯಿತು ಮೇಡಂ ಎಂದರೆ? ಆದರೆ ಅವನ ಕೈ ಅಂಥ ಕೈಯಲ್ಲ. ಹಾಗೆ ಯೋಚಿಸಿದ ತಪ್ಪಿಗೋ ಏನೋ ಅದು ಹಲಗೆಯನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಿತು. ಅವನೇ ಕೊಯ್ದು, ಉಜ್ಜಿ, ಬಣ್ಣ ಬಳಿದ ಹಲಗೆ. ನಡುವೆ ಪಟ್ಟಣ, ಪಟ್ಟಣದಿಂದ ಮೂರು ದಾರಿ, ಒಂದೊಂದರ ತುದಿಗೂ ಒಂದು ಊರು: ಡೈರಿಯ ಊರು, ಗಿರಣಿಯ ಊರು, ಎಲ್ಲಕ್ಕಿಂತ ದೂರಕ್ಕೆ, ಹಲಗೆಯ ಅಂಚು ಮುಟ್ಟುವ ಹಾಗೆ, ಕೊನೆಯ ನಿಲ್ದಾಣದ ಊರು. ದಾರಿಯುದ್ದಕ್ಕೂ ಸಣ್ಣ ಗುಳಿಗಳು. ಗುಳಿಗೊಂದು ಕೆಂಪು ಗಾಜಿನ ಮಣಿ. ಮಣಿಯೆಂದರೆ ಡೀಸೆಲ್. ದಾರಿ ತುಂಬ ಮಣಿ ಬಿದ್ದರೆ ಆ ಊರಿಗೆ ಬಸ್ಸು ಉಂಟು, ಬೀಳದಿದ್ದರೆ ಅಲ್ಲಿಯ ಮರದ ಬಸ್ಸನ್ನು ಎತ್ತಿ ಡಬ್ಬಿಗೆ ಹಾಕುವುದು. ಹಳ್ಳಿಗಳಿಗೆ ಬಸ್ಸು ಬಿಡುವ ಯೋಜನೆ ಹೇಗೆ ನಡೆಯುತ್ತದೆಂದು ಜನರಿಗೆ ತಿಳಿಯಲಿ, ಕಚೇರಿಗೆ ಹೊಳೆಯದ ಉಪಾಯ ಅವರ ಬಾಯಿಂದಲೇ ಹೊರಡಲಿ ಎಂದು ರಜೆಯ ದಿನಗಳಲ್ಲೂ ಕೂತು ಮಾಡಿದ್ದು. ಮಾಡುವಾಗ ಸುಖವಾಗಿತ್ತು. ಮನುಷ್ಯ ತನ್ನ ಕೈಯಿಂದ ಏನನ್ನಾದರೂ ಉಜ್ಜುತ್ತ ಕೂತಾಗ ಒಳ್ಳೆಯವನಾಗಿಯೇ ಇರುತ್ತಾನೆ.

ಆಟವನ್ನು ಮೊದಲು ಕಚೇರಿಯ ಮೇಜಿನ ಮೇಲೆ ಹರಡಿದ ದಿನ ಮೇಡಂ ನಿಜವಾಗಿಯೂ ಮೆಚ್ಚಿಕೊಂಡಿದ್ದರು. ಮರದ ಬಸ್ಸನ್ನು ಎತ್ತಿ, ಅದರ ಚಕ್ರವನ್ನು ಉಗುರಿನಿಂದ ತಿರುಗಿಸಿ, “ಎಷ್ಟು ಮುದ್ದಾಗಿದೆ ರೀ,” ಎಂದಿದ್ದರು. ಆಮೇಲೆ ಮಣಿಗಳ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡು, ಅನ್ನಕ್ಕೆ ಅಕ್ಕಿ ಅಳೆಯುವವರ ಹಾಗೆ ಒಂದು ಹಿಡಿ ತೆಗೆದು ಡ್ರಾಯರಿಗೆ ಹಾಕಿಕೊಂಡು, “ಇಷ್ಟಿದ್ರೆ ಸಾಕು,” ಎಂದರು. ಇಷ್ಟಿದ್ದರೆ ಎರಡು ದಾರಿ ತುಂಬುತ್ತದೆ, ಮೂರನೆಯದು ತುಂಬುವುದಿಲ್ಲ ಎಂದು ಅವನು ಹೇಳಲು ಬಾಯಿ ತೆರೆದಾಗ ಅವರ ಮುಖ ನೋಡಿ ಅರ್ಥವಾಯಿತು. ಅವರಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. “ನೋಡಿ, ಮೂರರಲ್ಲಿ ಒಂದು ಹೋಗೋದು ಮೇಲಿನಿಂದಲೇ ತೀರ್ಮಾನ ಆಗಿದೆ. ಯಾವುದು ಅಂತ ನಾವು ಹೇಳಿದ್ರೆ ರಸ್ತೇಲಿ ಕೂರ್ತಾರೆ. ಅವರೇ ಆಡಿ ಅವರೇ ತೆಗೆದ್ರೆ ಯಾರ ಮಾತೂ ಇಲ್ಲ.” ಒಂದೇ ಒಂದು ಕಿಂಡಿಯನ್ನು ಅವರು ಮುಚ್ಚಲಿಲ್ಲ. ಬಸ್ಸನ್ನು ನೇರವಾಗಿ ನಿಲ್ಲಿಸದೆ ಅಡ್ಡ ಮಲಗಿಸಿದರೆ ಅದು ದಿನ ಬಿಟ್ಟು ದಿನ ಓಡುವ ಬಸ್ಸು, ಅದಕ್ಕೆ ದಾರಿಯ ಅರ್ಧದಷ್ಟು ಮಣಿ ಸಾಕು, ಎಂಬ ನಿಯಮ. ಮೂವರೂ ಒಪ್ಪಿ ಅಡ್ಡ ಮಲಗಿಸಿದರೆ ಮೂರು ಊರಿಗೂ ಬಸ್ಸು ಉಳಿಯುತ್ತದೆ. ಮೇಡಂ ಅದನ್ನು ಓದಿ ನಕ್ಕು, “ಇರಲಿ ಬಿಡಿ. ಅಷ್ಟೆಲ್ಲ ಯಾರು ಯೋಚನೆ ಮಾಡ್ತಾರೆ?” ಎಂದಿದ್ದರು. ಅವನು ಆ ನಗುವಿಗೆ ತಾನೂ ಒಂದು ಸಣ್ಣ ನಗು ಕೂಡಿಸಿದ್ದ. ಅದು ಈಗಲೂ, ಈ ಧೂಳಿನಲ್ಲಿ, ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಚುಚ್ಚುತ್ತಿತ್ತು.

ಕೊನೆಯ ನಿಲ್ದಾಣದ ಊರಿನಲ್ಲಿ ಅವನ ಅಕ್ಕ ಇದ್ದಾಳೆ. ದಿನ ಬಿಟ್ಟು ದಿನ ಬೆಳಗಿನ ಮೊದಲ ಬಸ್ಸಿಗೆ ಪಟ್ಟಣಕ್ಕೆ ಬಂದು, ಆಸ್ಪತ್ರೆಯ ಮಾಳಿಗೆಯ ಮೇಲಿನ ಉದ್ದನೆಯ ಕೋಣೆಯಲ್ಲಿ, ಯಂತ್ರಕ್ಕೆ ತನ್ನ ರಕ್ತ ಕೊಟ್ಟು, ಅದು ತೊಳೆದು ಹಿಂದಕ್ಕೆ ಕೊಟ್ಟದ್ದನ್ನು ಇಸಿದುಕೊಂಡು ಸಂಜೆಯ ಬಸ್ಸಿಗೆ ಮರಳುತ್ತಾಳೆ. ಅವಳ ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ಊರಿನಲ್ಲಿ ಇದು ಒಬ್ಬರಿಗೂ ಗೊತ್ತಿಲ್ಲ. ಪಟ್ಟಣದ ಅಂಗಡಿಯೊಂದರಲ್ಲಿ ಹೊಲಿಗೆ ಕೆಲಸ ಎಂದು ಹೇಳಿದ್ದಾಳೆ. ಹೇಳಿ, ನಂಬಿಸಲು ಚೀಲದಲ್ಲಿ ಕತ್ತರಿ ಇಟ್ಟುಕೊಂಡು ಹೋಗುತ್ತಾಳೆ. ಭಾವ ಇದೇ ರೋಗದಲ್ಲಿ ಹೋದಾಗ ಜನ ಸಾಲಾಗಿ ಬಂದು ಅಯ್ಯೋ ಪಾಪ ಎಂದದ್ದು, ಆ ಪಾಪ ಎನ್ನುವ ಬಾಯಿಗಳೇ ಮುಂದೆ ಮದುವೆಯ ಬಟ್ಟೆಯನ್ನು ಆ ಮನೆಯಲ್ಲಿ ಹೊಲಿಸಲು ಹಿಂಜರಿದದ್ದು ಅವಳಿಗೆ ಮರೆತಿಲ್ಲ. “ಹೋದ್ರೆ ಹೋಗ್ಲಿ ಜೀವ, ಪಾಪ ಅನ್ನಿಸ್ಕೊಂಡು ಮಾತ್ರ ಇರೋಲ್ಲ ಕಣೋ. ನನ್ನಾಣೆ, ಯಾರ ಹತ್ರಾನೂ ಬಾಯಿ ಬಿಡ್ಬೇಡ,” ಎಂದು ಯಂತ್ರದ ಪಕ್ಕದ ಹಾಸಿಗೆಯಲ್ಲಿ ಮಲಗಿ, ಅವನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಮಾತು ತೆಗೆದುಕೊಂಡಿದ್ದಳು. ಬಸ್ಸು ಹೋದರೆ ಅವಳ ಪಾಡೇನು ಎಂದು ಅವನು ಯೋಚಿಸದ ಹೊತ್ತಿಲ್ಲ. ನನ್ನ ಮನೆಗೆ ಬಂದುಬಿಡು ಎಂದು ಕರೆಯಬಹುದು, ಕರೆದಿದ್ದ ಕೂಡ, ಆದರೆ ಎರಡು ಕೋಣೆಯ ಮನೆಯಲ್ಲಿ ಅವನ ಹೆಂಡತಿ ಆ ಮಾತು ಕೇಳಿದಾಗ ಹಾಸಿಗೆಯ ಹೊದಿಕೆಯನ್ನು ಎಷ್ಟು ಎಚ್ಚರದಿಂದ, ಎಷ್ಟು ಹೊತ್ತು ಮಡಿಸಿದಳೆಂದು ಅಕ್ಕನೂ ನೋಡಿದ್ದಳು. ಹಾಗಾಗಿ ಅವನು ತನ್ನ ಬುದ್ಧಿಯನ್ನೆಲ್ಲ ಖರ್ಚು ಮಾಡಿ ಒಂದು ಹೂಟ ಹೂಡಿದ್ದ. ಆಟ ಪಟ್ಟಣದಲ್ಲಿ ಬೇಡ, ಕೊನೆಯ ಊರಿನ ಶಾಲೆಯಲ್ಲೇ ಆಗಲಿ, ಉಳಿದವರು ಅಲ್ಲಿಗೆ ಬರುವಾಗ ಆ ದಾರಿ ಎಷ್ಟು ದೂರವೆಂದು ಮೈಗೆ ತಿಳಿಯುತ್ತದೆ, ಎಂದು ಮೇಡಂರನ್ನು ಒಪ್ಪಿಸಿದ. ಆ ಊರಿನ ಪರವಾಗಿ ಅಕ್ಕನೇ ಕೂರಲಿ ಎಂದು ಮೇಷ್ಟ್ರಿಗೆ ಫೋನಿನಲ್ಲಿ ಸೂಚಿಸಿದ. ಜೀವಕ್ಕೆ ಬಂದಾಗ ಯಾರೂ ಬಿಡುವುದಿಲ್ಲ ಎಂದು ಅವನ ಲೆಕ್ಕ. ಆಕೆಗೆ ಮಾತ್ರ ನಿಜ ಹೇಳಲಿಲ್ಲ. ನಿನ್ನೆ ಫೋನು ಕೈಗೆತ್ತಿಕೊಂಡು, ನಿನ್ನ ಬಸ್ಸನ್ನು ತೆಗೆಯುವ ಆಟವನ್ನು ಮಾಡಿದವನು ನಾನೇ ಎಂದು ಹೇಗೆ ಶುರುಮಾಡಬೇಕೆಂದು ತಿಳಿಯದೆ, ಊಟ ಆಯ್ತಾ ಎಂದು ಕೇಳಿ ಇಟ್ಟುಬಿಟ್ಟಿದ್ದ.

ಶಾಲೆಯ ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ ನಡುವೆ ಒಂದು ಮೇಜು ಹಾಕಿದ್ದರು. ಊರಿನ ಅರ್ಧ ಜನ ಕಿಟಕಿಯಲ್ಲಿ. ಅಕ್ಕ ಚಹಾದ ಲೋಟಗಳ ತಟ್ಟೆ ಹಿಡಿದು ಓಡಾಡುತ್ತಿದ್ದಳು. ಸೆಕೆಗೆ ಎಲ್ಲರೂ ಬೀಸಿಕೊಳ್ಳುತ್ತಿರುವಾಗ ಅವಳೊಬ್ಬಳೇ ಮಣಿಕಟ್ಟಿನವರೆಗೆ ತೋಳಿರುವ ರವಿಕೆ ತೊಟ್ಟಿದ್ದಳು. ಸೂಜಿ ಹೋಗಿ ಹೋಗಿ ಹಾವಿನಂತೆ ಉಬ್ಬಿದ ನರ ಅದರೊಳಗಿದೆ. “ಬಂದ್ಯಾ? ಏನೋ ಇಷ್ಟು ಸೊರಗಿದೀಯ, ನಿನ್ನ ಹೆಂಡ್ತಿ ಬರೀ ಗಾಳಿ ಬಡಿಸ್ತಾಳಾ?” ಎಂದು ಎಲ್ಲರೆದುರು ಕೇಳಿದಳು. ಕಿಟಕಿ ನಕ್ಕಿತು. ಅವಳನ್ನು ಒಂದು ಗಳಿಗೆ ಹೊರಗೆ ಕರೆಯಬೇಕೆಂದು ಅವನು ಹೆಜ್ಜೆ ಇಡುವಷ್ಟರಲ್ಲಿ ಮೇಡಂ, “ಶುರು ಮಾಡೋಣ ರೀ, ಬಂದವರು ಸಂಜೆ ಬಸ್ಸಿಗೆ ವಾಪಸ್ ಹೋಗ್ಬೇಕು,” ಎಂದರು. ಡೈರಿಯ ಊರಿನಿಂದ ಬಂದವನು ಹಾಲಿನ ಕ್ಯಾನುಗಳನ್ನು ಬಸ್ಸಿಗೇರಿಸಿ ಪಟ್ಟಣಕ್ಕೆ ಕಳಿಸುವ ದಪ್ಪ ಮೀಸೆಯ ಆಸಾಮಿ. ಗಿರಣಿಯ ಊರಿನಿಂದ ನರ್ಸಿಂಗ್ ಓದುತ್ತಿರುವ ಹುಡುಗಿ; ಬಸ್ಸಿಲ್ಲದಿದ್ದರೆ ಕಾಲೇಜಿಲ್ಲ. ಇಬ್ಬರೂ ಮೇಜಿಗೆ ಕೂತರು. ಮೇಷ್ಟ್ರು ಅಕ್ಕನ ಕೈಯಿಂದ ತಟ್ಟೆ ಇಸಿದುಕೊಂಡು, “ತಮ್ಮನ ಆಟ, ಅಕ್ಕ ಆಡದೆ ಇನ್ಯಾರು ಆಡ್ಬೇಕು? ಕೂತ್ಕೊಳಮ್ಮ,” ಎಂದರು. ಅವಳು ನಾಚಿಕೊಂಡು, ಸೆರಗಿನಿಂದ ಕುರ್ಚಿ ಒರೆಸಿ, ತುದಿಯಲ್ಲಿ ಕೂತಳು.

ಅವನು ನಿಯಮಗಳನ್ನು ವಿವರಿಸಿದ. ಅಡ್ಡ ಮಲಗಿಸುವ ನಿಯಮವನ್ನು ಎರಡು ಸಲ ಹೇಳಿದ. ಎರಡನೆಯ ಸಲ ಹೇಳುವಾಗ ಅಕ್ಕನ ಕಣ್ಣನ್ನೇ ನೋಡಿದ. ಅವಳು ಅವನ ಅಂಗಿಯಲ್ಲಿ ಗುಂಡಿ ಕಿತ್ತುಹೋದ ಜಾಗವನ್ನು ನೋಡುತ್ತಿದ್ದಳು. ಕೊನೆಗೆ, ಹೇಳಲೇಬೇಕೆಂದು ಮೇಡಂ ತಾಕೀತು ಮಾಡಿದ್ದ ಮಾತನ್ನೂ ಹೇಳಿದ. “ಯಾರೂ ಹೆದರ್ಕೋಬೇಡಿ. ಇದು ಬರೀ ಆಟ. ಆಡಿಸೋನು ನಾನು, ನಡುವೆ ಬಾಯಿ ಹಾಕೋ ಹಾಗಿಲ್ಲ.” ಆ ಕೊನೆಯ ನಿಯಮ ಅವನದೇ. ಆಡಿಸುವವನು ಮಾತಾಡಿದರೆ ಜನ ಅವನ ಮುಖ ನೋಡಿ ಆಡುತ್ತಾರೆ ಎಂದು, ರಜೆಯ ದಿನ, ಮರ ಉಜ್ಜುತ್ತ, ಒಳ್ಳೆಯವನಾಗಿ ಯೋಚಿಸಿ ಮಾಡಿದ ನಿಯಮ. ಬರೀ ಆಟ ಎಂದ ಕೂಡಲೆ ಕೋಣೆಯ ಉಸಿರು ಸಡಿಲವಾದದ್ದು ಅವನಿಗೆ ಕೇಳಿಸಿತು. ಅಕ್ಕ ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದು ಆರಾಮಾಗಿ ಕೂತಳು.

ಬಟ್ಟಲು ಒಬ್ಬರಿಂದೊಬ್ಬರಿಗೆ ತಿರುಗತೊಡಗಿತು. ಪ್ರತಿಯೊಬ್ಬರೂ ತಮ್ಮ ಸರದಿಗೆ ಒಂದಿಷ್ಟು ಮಣಿ ತೆಗೆದು ಗುಳಿಗಳಿಗೆ ಕೂರಿಸಬೇಕು. ಡೈರಿಯವನು ಹಾಲಿನ ಅಳತೆ ನೋಡುವವನಂತೆ ಕಣ್ಣು ಕಿರಿದಾಗಿಸಿ ಒಂದೊಂದೇ ಮಣಿ ಇಟ್ಟ. ಹುಡುಗಿ ಬೇಗ ಬೇಗ ಇಟ್ಟಳು. ಅಕ್ಕನ ಮಣಿಗಳು ಕೆಂಪು ಸಾಲಾಗಿ ಪಟ್ಟಣದಿಂದ ಹೊರಟು ಅಂಚಿನ ಕಡೆಗೆ ಬರುತ್ತಿದ್ದವು. ಅವಳ ಬೆರಳು ಒಂದೊಂದು ಮಣಿಯನ್ನೂ ಗುಂಡಿ ಹೊಲಿಯುವಂತೆ ಒತ್ತಿ ಕೂರಿಸುತ್ತಿತ್ತು. ಅವನು ಆ ಬೆರಳುಗಳನ್ನೇ ನೋಡುತ್ತಿದ್ದ. ಇದೇ ಬೆರಳು ಅಂಗಳದಲ್ಲಿ ಬೆಣಚುಕಲ್ಲು ಆಡುವಾಗ ಗೆಲ್ಲುವ ಕಲ್ಲನ್ನು ಬೇಕೆಂದೇ ಕೈಜಾರಿಸುತ್ತಿತ್ತು. ಅಳುಬುರುಕ ತಮ್ಮ ಸೋತರೆ ಊಟ ಬಿಡುತ್ತಾನೆಂದು ಅವಳು ಸೋಲುತ್ತಿದ್ದಳು. ಸೋತು, “ಅಯ್ಯಪ್ಪ, ಏನು ಆಟ ಕಣೋ ನಿಂದು,” ಎಂದು ಬೆರಗಾಗುತ್ತಿದ್ದಳು. ಅವನಿಗೆ ಮೀಸೆ ಬಂದ ಮೇಲೆ ಒಂದು ದಿನ, ಬೇರೆ ಯಾರೊಡನೆಯೋ ಆಡಿ ಸತತ ಸೋತಾಗ ಮಾತ್ರ, ತನಗೆ ಆಟ ಬರುವುದೇ ಇಲ್ಲವೆಂದೂ ಅಕ್ಕನಿಗೆ ಬರುತ್ತಿತ್ತೆಂದೂ ತಿಳಿದಿತ್ತು. ದೀಪ ಹಚ್ಚಿದ ಮೇಲೆ ಅವಳು ರಾಗವಾಗಿ ಹೇಳುತ್ತಿದ್ದ ಪದ್ಯಗಳಲ್ಲೂ ಎಲ್ಲರೂ ಕೊಡುವವರೇ. ಕೇಳಿದವನಿಗೆ ರಾಜ್ಯ ಕೊಟ್ಟವರು, ಮೈಯ ಮಾಂಸ ಕೊಟ್ಟವರು. ಅವನು ಅವಳ ತೊಡೆಯ ಮೇಲೆ ಕಣ್ಣು ಮುಚ್ಚಿ, ಮುಂದಿನ ಪದ್ಯಕ್ಕೆ ಕಾದು ಮಲಗಿರುತ್ತಿದ್ದ. ಯಾಕೆಂದರೆ ಕೊನೆಯ ಪದ್ಯದಲ್ಲಿ ದೇವರು ಬಂದೇ ಬರುತ್ತಿದ್ದ, ಇದೆಲ್ಲ ಪರೀಕ್ಷೆ ಎಂದು ನಗುತ್ತಿದ್ದ, ಕೊಟ್ಟದ್ದನ್ನೆಲ್ಲ ಕೊಟ್ಟವರಿಗೇ ಹಿಂತಿರುಗಿಸುತ್ತಿದ್ದ. ಗೆಲ್ಲಲು ಕಲಿಯದ ಒಬ್ಬಳನ್ನು ಈ ಊರಿನಲ್ಲೆಲ್ಲ ಹುಡುಕಿ ತೆಗೆದು ತಾನೇ ಮೇಜಿಗೆ ಕೂರಿಸಿದ್ದೇನೆ ಎಂದು ಅವನಿಗೆ ಆಗ, ಕಾಲ ಮಿಂಚಿದ ಮೇಲೆ, ಹೊಳೆಯಿತು.

ಬಟ್ಟಲಿನ ತಳ ಕಾಣಿಸಿತು. ಡೈರಿಯವನಿಗೆ ಕೆಲವು ಗುಳಿ ಖಾಲಿ, ಹುಡುಗಿಗೆ ಕೆಲವು, ಅಕ್ಕನಿಗೆ ಸ್ವಲ್ಪ ಹೆಚ್ಚು. ಈಗಲೇ ಯೋಚಿಸಬೇಕಾದ ಗಳಿಗೆ. ಯಾರಾದರೂ ಒಬ್ಬರು ಕೈ ತಡೆದು, ಇರಿ, ಅಡ್ಡ ಮಲಗಿಸಿದರೆ ಹೇಗೆ ಎನ್ನಬೇಕಾದ ಗಳಿಗೆ. ದೇವರೇ, ಒಬ್ಬರ ಬಾಯಿಂದ ಹೊರಡಿಸು, ಎಂದು ಅವನು ಬೆನ್ನ ಹಿಂದೆ ಬೆರಳು ಹೆಣೆದು ನಿಂತ. ಡೈರಿಯವನು ಮೀಸೆ ನೀವಿ, “ನಮ್ದು ನಿಂತ್ರೆ ಹಾಲೆಲ್ಲ ಮೋರಿಗೆ,” ಎಂದು ನಿಟ್ಟುಸಿರಿಟ್ಟ. ಹುಡುಗಿ ತುಟಿ ಕಚ್ಚಿಕೊಂಡು ತನ್ನ ಖಾಲಿ ಗುಳಿಗಳನ್ನೇ ನೋಡುತ್ತಿದ್ದಳು. ಅಷ್ಟೇ ಸಾಕಾಯಿತು. ಅಕ್ಕ ಹಿಂದಿರುಗಿ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು, ಮದುವೆಮನೆಯಲ್ಲಿ ಪಂಕ್ತಿಗೆ ಬಡಿಸುವವರ ಗತ್ತಿನಲ್ಲಿ, “ನಮ್ಮೂರಿಗೆ ಬಂದು ಬರಿಗೈಲಿ ಹೋಗೋದು ಚೆನ್ನಾಗಿರುತ್ತೇನಮ್ಮ? ಕೊಟ್ಬಿಡು,” ಎಂದರು. ಕಿಟಕಿಯಿಂದಲೂ, “ಕೊಡಕ್ಕ ಕೊಡು, ನಮ್ಮನೆಗೆ ಬಂದವ್ರು,” ಎಂದು ದನಿಗಳೆದ್ದವು. ಅವಳು ತನ್ನ ದಾರಿಯ ಮಣಿಗಳನ್ನು ಅಂಗೈಗೆ ಬಳಿದುಕೊಂಡು, ಇಷ್ಟು ಡೈರಿಯವನ ಮುಂದೆ, ಇಷ್ಟು ಹುಡುಗಿಯ ಮುಂದೆ ಸುರಿದಳು. “ತಗೊಳಮ್ಮ, ಓದೋ ಮಗು ನೀನು.” ಎರಡು ದಾರಿಗಳು ಥಟ್ಟನೆ ತುಂಬಿದವು. ಮೂರನೆಯದು ಬರಿಯ ತೂತುಗಳ ಸಾಲು. ಜನ ಚಪ್ಪಾಳೆ ತಟ್ಟಿದರು. ಅಕ್ಕನ ಮುಖ, ಎಷ್ಟೋ ತಿಂಗಳಿನಿಂದ ಬೂದಿ ಬಣ್ಣಕ್ಕೆ ತಿರುಗಿದ ಆ ಮುಖ, ಬೆಳಗುತ್ತಿತ್ತು. ಕೊನೆಯ ಊರಿನ ಮರದ ಬಸ್ಸನ್ನು ಅವಳೇ ಎತ್ತಿ ಡಬ್ಬಿಗೆ ಹಾಕಿದಳು. ಮೇಡಂ ಫೋಟೋ ತೆಗೆಯಲು ಫೋನು ಹಿಡಿದು ಎದ್ದು ನಿಂತರು.

“ನಿಲ್ಲಿ,” ಎಂದ ದನಿ ತನ್ನದೇ ಎಂದು ಅವನಿಗೆ ಒಂದು ಕ್ಷಣ ತಿಳಿಯಲಿಲ್ಲ. “ಅಕ್ಕ, ಅದನ್ನ ವಾಪಸ್ ತಗೋ.”

“ಯಾಕೋ?”

“ಇದು ಬರೀ ಆಟ ಅಲ್ಲ. ಈ ಫೋಟೋನೇ ವರದಿ. ಡಬ್ಬೀಲಿರೋ ಬಸ್ಸು ಬರೋ ತಿಂಗಳಿಂದ ನಿಜವಾಗ್ಲೂ ನಿಲ್ಲುತ್ತೆ.”

ಮೇಡಂ, “ಏನ್ರೀ ಇದು,” ಎಂದು ಮೆಲ್ಲಗೆ ಅಂದರು. ಮೇಷ್ಟ್ರು ಒಮ್ಮೆ ಹಲಗೆಯನ್ನೂ ಒಮ್ಮೆ ಬಂದವರಿಬ್ಬರನ್ನೂ ನೋಡಿದರು. ಅವರ ಮುಖ ಕೆಂಪಾಯಿತು, ಆದರೆ ಅದು ಬಸ್ಸಿನ ಚಿಂತೆಗಲ್ಲ, ಎಲ್ಲರೆದುರು ಇಂಥ ಪೇಚಿಗೆ ಸಿಕ್ಕಿಸಿದ್ದಕ್ಕೆ. “ಕೊಟ್ಟಾಯ್ತಲ್ಲಪ್ಪ. ಕೈಗೆ ಕೊಟ್ಟದ್ದನ್ನ ಎದುರಿಗೇ ಕಿತ್ಕೊಳ್ಳೋದು ಹೇಗೆ? ನಾವು ಯಾರದಾದ್ರೂ ಗಾಡಿ ಹಿಡ್ಕೊಂಡು ಹೇಗೋ ಹೋಗ್ತೀವಿ. ಊರಲ್ಲಿ ಅಂಥ ತುರ್ತು ಯಾರಿಗಿದೆ?”

“ಅಕ್ಕನಿಗಿದೆ,” ಎಂದ ಅವನು. ಅವಳು ತಲೆ ಎತ್ತಿದಳು. ಬೇಡ ಎಂದು ಆ ಕಣ್ಣು ಹೇಳುತ್ತಿತ್ತು, ಆಣೆ ಎಂದು ಹೇಳುತ್ತಿತ್ತು, ಅವನು ಅದನ್ನು ಸ್ಪಷ್ಟವಾಗಿ ಓದಿಕೊಂಡ, ಓದಿಕೊಂಡೇ ಹೇಳಿದ. “ಅವಳು ಹೊಲಿಯೋಕೆ ಹೋಗಲ್ಲ. ಆಸ್ಪತ್ರೆಗೆ ಹೋಗ್ತಾಳೆ. ಭಾವನಿಗಿದ್ದದ್ದೇ. ದಿನ ಬಿಟ್ಟು ದಿನ ರಕ್ತ ತೊಳೆಸದಿದ್ರೆ ಅವಳು ಉಳಿಯಲ್ಲ.”

ಕಿಟಕಿಯಲ್ಲಿ ಯಾರೋ ಅಯ್ಯೋ ಎಂದರು. ಪಾಪ ಎನ್ನಲಿಲ್ಲ, ಬರಿಯ ಅಯ್ಯೋ, ಅಕ್ಕನಿಗೆ ಅದೇ ಸಾಕಿತ್ತು. ನರ್ಸಿಂಗ್ ಹುಡುಗಿ ಅವಳ ಉದ್ದ ತೋಳಿನ ರವಿಕೆಯನ್ನು ದಿಟ್ಟಿಸಿ ನೋಡಿದಳು. ಅವಳಿಗೆ ತಿಳಿಯಿತೆಂದು ಅವನಿಗೂ ತಿಳಿಯಿತು. ಹುಡುಗಿ ಎದ್ದು, ತನ್ನ ಮರದ ಬಸ್ಸನ್ನು ಅಡ್ಡ ಮಲಗಿಸಿ, “ದಿನ ಬಿಟ್ಟು ದಿನ ಆದ್ರೆ ನಂಗೂ ನಡೆಯುತ್ತೆ. ಅಣ್ಣ, ನೀವೂ ಮಲಗ್ಸಿ. ಮೂರೂ ಉಳಿಯುತ್ತೆ,” ಎಂದಳು. ಡೈರಿಯವನು ತಲೆ ಕೆರೆದುಕೊಂಡ. “ಹಸು ದಿನ ಬಿಟ್ಟು ದಿನ ಹಾಲು ಕೊಡುತ್ತೇನಮ್ಮ?” ಎಂದ, ಆದರೆ ಅವನ ಕೈ ಬಸ್ಸಿನ ಮೇಲೆ ಹೋಗಿತ್ತು, “ಇವರ ಜೀವದ ವಿಷಯ ಅಂದ್ಮೇಲೆ... ಹೌದೇನಕ್ಕ, ಇವರು ಹೇಳ್ತಿರೋದು?” ಎಲ್ಲರೂ ಅಕ್ಕನ ಕಡೆ ತಿರುಗಿದರು. ಹೌದು ಎಂದರೆ ಸಾಕು. ತಲೆ ಆಡಿಸಿದರೂ ಸಾಕು.

ಅಕ್ಕ ನಕ್ಕಳು. ಗಟ್ಟಿಯಾಗಿ, ಬಾವಿಕಟ್ಟೆಯ ನಗುವನ್ನು ನಕ್ಕಳು. “ಅಯ್ಯೋ ಅಣ್ಣ, ಇವನ ಮಾತು ಕಟ್ಕೊಂಡ್ರೆ ಆಯ್ತು! ಚಿಕ್ಕಂದಿನಿಂದ್ಲೂ ಹೀಗೇ. ಸೋಲು ಬಂತು ಅಂದ್ರೆ ಕಲ್ಲು ಕದ್ದಾದ್ರೂ ಸರಿ, ಸುಳ್ಳು ಹೇಳಿಯಾದ್ರೂ ಸರಿ. ಅಕ್ಕ ಸೋತದ್ದು ಅವನಿಗೆ ತಡೆಯೋಕಾಗ್ಲಿಲ್ಲ, ಅಕ್ಕನ್ನೇ ಸಾಯಿಸ್ತಿದಾನೆ ನೋಡಿ.” ಕಿಟಕಿಗೆ ಹೋದ ಜೀವ ಬಂದಂತಾಯಿತು. ಎಲ್ಲರೂ ನಕ್ಕರು, ಹೆಚ್ಚು ನಕ್ಕವರು ಮೇಷ್ಟ್ರು. ಹುಡುಗಿ ಮಾತ್ರ ನಗದೆ, “ಅಕ್ಕಾ, ನಿಮ್ಮ ಕೈ ಒಂದು ಸಲ...” ಎಂದು ಮೇಜಿನ ಮೇಲಿಂದ ಕೈ ಚಾಚಿದಳು. “ಹೊಲಿಗೆ ಕೈಯಮ್ಮ ಇದು, ಏನು ನೋಡ್ತೀಯ?” ಎಂದು ಅಕ್ಕ ಅದನ್ನು ಸೆರಗಿನೊಳಗೆ ಎಳೆದುಕೊಂಡು, ಇನ್ನೊಂದು ಕೈಯಿಂದ ಹುಡುಗಿಯ ಬಸ್ಸನ್ನು ಎತ್ತಿ ನೇರವಾಗಿ ನಿಲ್ಲಿಸಿದಳು. ಹುಡುಗಿ ಅವನ ಮುಖ ನೋಡಿದಳು. ಅವನು ಇನ್ನೊಮ್ಮೆ ಹೇಳಬಹುದಿತ್ತು. ಆ ತೋಳನ್ನು ಹಿಡಿದೆಳೆದು, ರವಿಕೆಯನ್ನು ಮೊಳಕೈಯವರೆಗೆ ಸರಿಸಿ, ನೋಡಿ ಎಂದು ಊರಿಗೆ ತೋರಿಸಬಹುದಿತ್ತು. ಅವನ ಕೈ ಎದ್ದೂ ಇತ್ತು. ಅವಳು ಅದು ಏಳುವುದನ್ನು ನೋಡಿ, ನಗುತ್ತಿರುವ ಮುಖದಲ್ಲೇ, ಅವನೊಬ್ಬನಿಗೆ ಮಾತ್ರ ಕಾಣುವಂತೆ ಕಣ್ಣು ಮುಚ್ಚಿಕೊಂಡಳು, ಸೂಜಿ ಚುಚ್ಚುವ ಮೊದಲು ಮುಚ್ಚಿಕೊಳ್ಳುವ ಹಾಗೆ. ಕೈ ಕೆಳಗಿಳಿಯಿತು. “ಏನ್ರೀ, ಮುಗೀತಾ ನಿಮ್ಮಿಬ್ಬರ ಜಗಳ?” ಎಂದು ಮೇಡಂ ಎಲ್ಲರೊಂದಿಗೆ ನಗುತ್ತ ಫೋಟೋ ತೆಗೆದರು. ಒಂದು ಮೇಲಿನಿಂದ, ಒಂದು ಪಕ್ಕದಿಂದ. ಇನ್ನೊಂದು, ಅಕ್ಕನನ್ನು ಸೇರಿಸಿಕೊಂಡು.

ಹಲಗೆಯನ್ನು ಬಟ್ಟೆಯಲ್ಲಿ ಸುತ್ತುವಾಗ ಮೇಡಂ ಬಳಿಗೆ ಬಂದು ದನಿ ತಗ್ಗಿಸಿದರು. “ನಿಮ್ಮ ಮೇಲೆ ಏನೂ ಬರೆಯಲ್ಲ, ಹೋಗ್ಲಿ. ಅಕ್ಕನ ಊರು ಅಂದ್ಮೇಲೆ ಯಾರಿಗಾದ್ರೂ ಕರುಳು ಚುರ್ ಅನ್ನುತ್ತೆ. ವರದೀಲಿ, ಕೊನೆಯ ಊರಿನವರು ಸ್ವಇಚ್ಛೆಯಿಂದ ಬಿಟ್ಟುಕೊಟ್ಟರು ಅಂತ ಹಾಕಿ. ಸ್ವಇಚ್ಛೆ ಅನ್ನೋ ಪದ ಇರಲೇಬೇಕು.” ಅವರ ದನಿಯಲ್ಲಿ ದಯೆ ಇತ್ತು. ಅದು ನಿಜವಾದ ದಯೆಯೇ ಎಂಬುದು ಅವನಿಗೆ ಎಲ್ಲಕ್ಕಿಂತ ಅಸಹ್ಯವೆನಿಸಿತು. ಮಣಿಗಳನ್ನು ಗುಳಿಗಳಿಂದ ಬಿಡಿಸಿ ಬಟ್ಟಲಿಗೆ ಹಾಕುವಾಗ ಅವು ಅವನ ಬೆವರಿಗೆ ಅಂಟಿ ಬೀಳಲೊಲ್ಲದೆ ಹೋದವು. ಕೊಡವಿದ, ಮತ್ತೆ ಕೊಡವಿದ. ಯಾರೂ ಬರಲಿಲ್ಲ, ಪರೀಕ್ಷೆ ಎಂದು ನಗಲಿಲ್ಲ. ಹೊರಗೆ ಡೈರಿಯವನು ಮೇಷ್ಟ್ರ ಕೈ ಹಿಡಿದು ಕುಲುಕಿ, ನಮ್ಮೂರಿಗೂ ಒಂದು ಸಲ ಬರಬೇಕು ಎಂದು ಕರೆಯುತ್ತಿದ್ದ. ಬರದೇ ಏನು, ಎಂದು ಮೇಷ್ಟ್ರು ಹೇಳುತ್ತಿದ್ದರು.

ಅವನು ಜೀಪಿನ ಹಿಂದಿನ ಸೀಟಿಗೆ ಹತ್ತಿ ಕೂತ. ಡ್ರೈವರು ಚಹಾ ಮುಗಿಸುತ್ತಿದ್ದ. ಅಕ್ಕ ಖಾಲಿ ಲೋಟಗಳ ತಟ್ಟೆಯನ್ನು ಸೊಂಟಕ್ಕೆ ಆನಿಸಿಕೊಂಡು ಕಿಟಕಿಯ ಬಳಿ ಬಂದು ನಿಂತಳು. ಅವನನ್ನು ನೋಡಲಿಲ್ಲ. ಜೀಪಿನ ಧೂಳಿನ ಮೇಲೆ ಬೆರಳಿನಿಂದ ಗೀರು ಎಳೆಯುತ್ತಿದ್ದಳು.

“ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದ್ದಲ್ಲೋ, ಬಾಯಿ ಬಿಡಲ್ಲ ಅಂತ,” ಎಂದಳು.

ಅವನು ಮಡಿಲಲ್ಲಿದ್ದ ಹಲಗೆಯ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದ.

“ಇನ್ನು ಕಿಟಕಿ ಕಿಟಕೀಲಿ ನನ್ನ ಕೈ ನೋಡ್ತಾರೆ. ಆ ಹುಡುಗಿ ನೋಡಿದ ಹಾಗೆ.” ತಟ್ಟೆಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. ಆಮೇಲೆ, ಬೇರೆ ಯಾರ ವಿಷಯವನ್ನೋ ವಿಚಾರಿಸುವವಳಂತೆ, “ನಿಜವಾಗ್ಲೂ ನಿಲ್ಲಿಸ್ತಾರಾ?” ಎಂದಳು.

“ಹೂಂ.”

“ಬರೋ ತಿಂಗಳು?”

“ಬರೋ ತಿಂಗಳು. ಅಕ್ಕ, ನೀನು ನಮ್ಮನೆಗೆ...”

“ಬೇಡ ಬಿಡು ಆ ಮಾತು.”

ಮೇಡಂ ಬಂದು ಮುಂದಿನ ಸೀಟಿಗೆ ಕೂತರು, ಬಾಗಿಲು ಬಡಿಯಿತು, ಎಂಜಿನು ಶುರುವಾಗಿ ಲೋಟಗಳೆಲ್ಲ ತಟ್ಟೆಯಲ್ಲಿ ಸಣ್ಣಗೆ ನಡುಗಿದವು. ಅಕ್ಕ ಕಿಟಕಿಗೆ ಬಾಗಿ, ಅವನ ಅಂಗಿಯಲ್ಲಿ ಗುಂಡಿ ಕಿತ್ತ ಜಾಗದ ದಾರವನ್ನು ಹಲ್ಲಿನಿಂದ ಕಚ್ಚಿ ಕಡಿದು ಉಗುಳಿದಳು. ಅವಳ ಉಸಿರಿಗೆ ಆಸ್ಪತ್ರೆಯ ಕೋಣೆಯ ಕಹಿ ವಾಸನೆಯಿತ್ತು.

“ನಾಳೆ ಬಸ್ಸು ಬರುತ್ತಲ್ಲ?” ಎಂದು ಕೇಳಿದಳು.

“ನಾಳೆ ಬರುತ್ತೆ.”

“ಸರಿ ಹಾಗಾದ್ರೆ, ಹೊರಡು,” ಎಂದು ಹೇಳಿ, ಜೀಪು ತಿರುಗಲು ಜಾಗ ಬೇಕೆಂದು ತಾನೇ ಹಿಂದಕ್ಕೆ ಸರಿದು ಗೋಡೆಗೆ ಒತ್ತಿ ನಿಂತಳು.